ಸೋಮವಾರದ ಕಣ್ಣು

ಸೋಮವಾರ ಬೆಳಿಗ್ಗೆ ನಮ್ಮ ಕಣ್ಣಿನ ಆಸ್ಪತ್ರೆಗೆ ಮೊದಲ ರೋಗಿಗಿಂತ ಮುಂಚೆ ನನ್ನ ಸೋದರಮಾವ ಬರುತ್ತಿದ್ದರು. ಕೆಳಗಿನ ಅಂತಸ್ತಿನಲ್ಲಿ ಅವರ ಕನ್ನಡಕದ ಅಂಗಡಿ. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಲೇ ಮೂವತ್ತು ವರ್ಷ ಕಳೆದವರು. ಕಣ್ಣಿನ ಒಳಪರದೆಯ ಚಿತ್ರ ತೆಗೆಯುವುದು ನನ್ನ ಕೆಲಸ. ವಾರದ ಆರಂಭದಲ್ಲಿ ಕ್ಯಾಮೆರಾ ಸರಿಯಿದೆಯೇ ಎಂದು ನೋಡಲು ಒಂದು ಕಣ್ಣು ಬೇಕು, ಮಾವನದು ಅದಕ್ಕೆ ಹೇಳಿ ಮಾಡಿಸಿದಂಥದ್ದು. ಪಾಪೆ ದೊಡ್ಡದು, ಎವೆಯಿಕ್ಕದೆ ಕೂರುವ ತಾಳ್ಮೆ ಬೇರೆ. ಗದ್ದವನ್ನು ಆಧಾರದ ಮೇಲಿಟ್ಟು ಕೂತರೆ ಬೆಳಕು ಮಿಂಚುತ್ತಿತ್ತು. ಅಂಚುಗಳು ಮಸುಕಿಲ್ಲ, ಮಧ್ಯ ಸ್ಪಷ್ಟ ಎಂದು ನಾನು ಗುರುತು ಹಾಕಿಕೊಂಡು ಚಿತ್ರವನ್ನು ‘ಪರೀಕ್ಷೆ’ ಎಂಬ ಕಡತಕ್ಕೆ ಸೇರಿಸುವಷ್ಟರಲ್ಲಿ ಮಾವ ಕೆಳಗೆ ಹೋಗಿ ಅಂಗಡಿಯ ಬಾಗಿಲು ಎತ್ತಿರುತ್ತಿದ್ದರು. ಹೀಗೆ ನಾಲ್ಕು ವರ್ಷ.

ಈಚೆಗೆ ನಮ್ಮ ಡಾಕ್ಟರಮ್ಮ ಹೊಸ ಕೆಲಸವೊಂದನ್ನು ಶುರು ಮಾಡಿದರು. ಮೈಯನ್ನು ಕೊಯ್ಯದೆ ರಕ್ತನಾಳಗಳನ್ನು ಕಣ್ಣಾರೆ ಕಾಣಬಹುದಾದ ಜಾಗ ಈ ಒಳಪರದೆ. ಹೃದಯದಿಂದ ರಕ್ತ ತರುವ ನಾಳ ತೆಳ್ಳಗೆ, ವಾಪಸು ಒಯ್ಯುವ ನಾಳ ದಪ್ಪ. ಮೊದಲನೆಯದು ಎರಡು ಪಾಲಿದ್ದರೆ ಎರಡನೆಯದು ಸುಮಾರು ಮೂರು. ಈ ಲೆಕ್ಕ ಕೆಟ್ಟರೆ ರಕ್ತದೊತ್ತಡವನ್ನೂ ಹೃದಯವನ್ನೂ ವಿಚಾರಿಸಿಕೊಳ್ಳಬೇಕು ಅಂತ ಅರ್ಥ. ಅಳೆಯುವ ಕೆಲಸ ನನ್ನ ಪಾಲಿಗೆ ಬಂತು. ಮೊದಲು ಒಬ್ಬರದೇ ಕಣ್ಣಿನ ಹಲವು ಚಿತ್ರ ಅಳೆದು ಕೈ ಪಳಗಿಸಿಕೋ, ಎಲ್ಲದರಲ್ಲೂ ಒಂದೇ ಅಂಕಿ ಬಂದರೆ ನಿನ್ನ ಕೈ ನಂಬಬಹುದು ಎಂದರು ಡಾಕ್ಟರಮ್ಮ.

ಒಬ್ಬರದೇ ಕಣ್ಣಿನ ಇನ್ನೂರು ಚಿತ್ರ ನನ್ನ ಹತ್ತಿರ ಬಿಟ್ಟರೆ ಇನ್ಯಾರ ಹತ್ತಿರ ಇದ್ದಾವು? ‘ಪರೀಕ್ಷೆ’ ಕಡತದಲ್ಲಿದ್ದ ಮಾವನ ಚಿತ್ರಗಳನ್ನು ತೆರೆದು ಹಿಗ್ಗಿನಿಂದ ಕೂತೆ. ಮಧ್ಯಾಹ್ನದ ಹೊತ್ತಿಗೆ ಹಿಗ್ಗು ಇಳಿದಿತ್ತು. ಅಂಕಿ ಒಂದೇ ಬರಲಿಲ್ಲ. ನನ್ನ ಕೈಯೇ ಸರಿಯಿಲ್ಲವೆಂದು ಎಲ್ಲವನ್ನೂ ಅಳಿಸಿ ಮತ್ತೆ ಅಳೆದೆ. ಕೊನೆಗೆ ಅಂಕಿಗಳನ್ನು ತಾರೀಖಿನ ಪ್ರಕಾರ ಸಾಲಾಗಿ ಬರೆದೆ. ಕೈ ತಪ್ಪಿದ್ದರೆ ಅಂಕಿಗಳು ಎರಡೂ ಕಡೆ ಚೆಲ್ಲಾಡಬೇಕಿತ್ತು. ಇವು ಒಂದೇ ಕಡೆಗೆ ಇಳಿಯುತ್ತಿದ್ದವು. ಎರಡನೇ ವರ್ಷದ ಕೊನೆಯಿಂದ ತೆಳುನಾಳ ಇನ್ನೂ ತೆಳುವಾಗುತ್ತ ಬಂದಿತ್ತು. ಅದು ದಪ್ಪನಾಳವನ್ನು ದಾಟುವ ಕಡೆ, ದಪ್ಪನಾಳ ಹಿಸುಕಿದಂತೆ ಕಿರಿದಾಗಿತ್ತು. ಕಳೆದ ಸೋಮವಾರದ ಚಿತ್ರದಲ್ಲಿ ಸಾಸಿವೆ ಕಾಳಿನಷ್ಟು ರಕ್ತದ ಕಲೆಯೂ ಇತ್ತು.

ಡಾಕ್ಟರಮ್ಮ ಚಿತ್ರಗಳನ್ನು ನೋಡಿ, ಕಣ್ಣೊಂದರಿಂದಲೇ ತೀರ್ಮಾನ ಬೇಡ, ಆದರೆ ಬೀಪಿ ನೋಡುವುದನ್ನು ನಾಳೆಗೆ ಬಿಡುವುದೂ ಬೇಡ ಎಂದರು. ಮೆಟ್ಟಿಲಿಳಿದೆ.

ಮಾವ ಚೌಕಟ್ಟೊಂದರ ಕಾಲು ಬಗ್ಗಿಸುತ್ತಿದ್ದರು. ಬೀಪಿ ಮಾತು ಎತ್ತಿದ ಕೂಡಲೇ, ನಿಮ್ಮತ್ತೆ ಹೇಳಿ ಕಳಿಸಿದಳಾ ಎಂದು ಕೇಳಿದರು. ಅತ್ತೆ ಮೂರು ವರ್ಷದಿಂದ ಒಮ್ಮೆ ತೋರಿಸಿಕೊಳ್ಳಿ ಎಂದು ಬೆನ್ನು ಬಿದ್ದಿದ್ದರಂತೆ. ವಾರವಾರ ನನ್ನ ಕಣ್ಣನ್ನೇ ಬಗೆದು ನೋಡುತ್ತಾರೆ, ಏನಾದರೂ ಇದ್ದರೆ ಅಕ್ಕನ ಮಗಳು ಹೇಳದೆ ಇರುತ್ತಾಳಾ ಎಂದು ಇವರು ಅವರ ಬಾಯಿ ಮುಚ್ಚಿಸುತ್ತಿದ್ದರಂತೆ.



"ಮಾವ, ನಾನು ನೋಡೇ ಇಲ್ಲ."

"ಏನು ನೋಡಿಲ್ಲ?"

"ನಿಮ್ಮ ಕಣ್ಣನ್ನ. ಕ್ಯಾಮೆರಾ ಸರಿ ಇದೆಯಾ ಅಂತ ಮಾತ್ರ ನೋಡ್ತಿದ್ದೆ."

ಅವರು ಇಕ್ಕಳ ಕೆಳಗಿಟ್ಟರು. ಬೈಯುತ್ತಾರೆ ಅಂದುಕೊಂಡೆ, ಬೈದಿದ್ದರೆ ಹಗುರಾಗುತ್ತಿತ್ತು.

"ಇನ್ನೂರು ಸಲ ಮನೆಗೆ ಬಂದು ಬಾಗಿಲಿನ ಬಣ್ಣ ನೋಡ್ಕೊಂಡು ಹೋದ ಹಾಗಾಯ್ತಲ್ಲೇ."

"ಹಾಗೇ ಆಯ್ತು, ಮಾವ."

"ನಾನಾದ್ರೂ ಯಾವತ್ತು ಕೇಳಿದೆ? ನೋಡ್ತಿದ್ದೀರಿ ಅಂತ ನಂಬಿಕೊಂಡು ಆರಾಮಾಗಿದ್ದೆ. ಸರಿ ನಡಿ, ಆ ಚಿತ್ರ ತೋರಿಸು."

ಮೇಲೆ ಬಂದು ಮೊದಲ ವರ್ಷದ್ದನ್ನೂ ಈಗಿನದ್ದನ್ನೂ ಪಕ್ಕಪಕ್ಕ ಇಟ್ಟೆ. ಕೂದಲೆಳೆಯಷ್ಟು ವ್ಯತ್ಯಾಸವನ್ನು ಬೆರಳಲ್ಲೇ ಹಿಡಿಯುವ ಮನುಷ್ಯ; ನಾನು ತೋರಿಸುವ ಮೊದಲೇ ನಾಳ ಹಿಸುಕಿದ ಜಾಗಕ್ಕೆ ಬೆರಳಿಟ್ಟರು. ಅಂಗಿಯ ತೋಳು ತಾವೇ ಮಡಚಿದರು. ನೂರ ಎಪ್ಪತ್ತೆಂಟು, ಕೆಳಗಿನದು ನೂರ ನಾಲ್ಕು. ಐದು ನಿಮಿಷ ಬಿಟ್ಟು ಮತ್ತೆ ನೋಡಿದರೂ ಎರಡೇ ಎರಡು ಕಡಿಮೆ.

"ಪರೀಕ್ಷೇಲಿ ಇಷ್ಟು ನಂಬರ್ ಬಂದಿದ್ರೆ ನಮ್ಮಪ್ಪ ಊರೆಲ್ಲಾ ಸಾರುತ್ತಿದ್ರು," ಎಂದರು ಮಾವ. ನಕ್ಕರೂ ದನಿ ಸ್ವಲ್ಪ ಒಣಗಿತ್ತು. ಅಂದೇ ಸಂಜೆ ಹೃದಯದ ಡಾಕ್ಟರ ಹತ್ತಿರ ಹೋದರು. ಮಾತ್ರೆ, ಉಪ್ಪಿಗೆ ಕಡಿವಾಣ, ದಿನಕ್ಕೆ ಮುಕ್ಕಾಲು ಗಂಟೆ ನಡಿಗೆ. ಅತ್ತೆ ಫೋನಿನಲ್ಲಿ ನನ್ನನ್ನು ಹೊಗಳಲು ಒಂದು ನಿಮಿಷ, ತರಾಟೆಗೆ ತೆಗೆದುಕೊಳ್ಳಲು ಇಪ್ಪತ್ತು ನಿಮಿಷ ತೆಗೆದುಕೊಂಡರು. ಎರಡೂ ನ್ಯಾಯವೇ.

ನಾಲ್ಕು ತಿಂಗಳು ಕಳೆದವು. ಈಗ ಮಾವನ ಕಡತದ ಮೇಲೆ ಅವರ ಹೆಸರಿದೆ. ನಿನ್ನೆ ತೆಗೆದ ಚಿತ್ರವನ್ನು ನಾನೂ ಡಾಕ್ಟರಮ್ಮನೂ ಬೇರೆಬೇರೆ ಕೂತು ಅಳೆದೆವು. ರಕ್ತದ ಕಲೆ ಮಾಯವಾಗಿತ್ತು. ಬೀಪಿ ನೂರ ಮೂವತ್ತೆರಡಕ್ಕೆ ಬಂದಿತ್ತು. ತೆಳುನಾಳ ಮೊದಲಿನಷ್ಟು ಅಗಲವಾಗಿರಲಿಲ್ಲ. ಅದನ್ನು ಮುಚ್ಚಿಡದೆ ಹೇಳಿದೆ. ಆದರೆ ಇನ್ನಷ್ಟು ಸಣ್ಣಗಾಗಿರಲಿಲ್ಲ, ಅದನ್ನೂ ಹೇಳಿದೆ.

"ಸಣ್ಣಗಾಗಲಿಲ್ಲ ಅಂತ ಖುಷಿಪಟ್ಟವಳು ನೀನೊಬ್ಬಳೇ," ಎಂದು ಮಾವ ಹೊಟ್ಟೆ ಸವರಿಕೊಂಡರು. "ಇದನ್ನ ನಿಮ್ಮತ್ತೆಗೆ ಬರೆದು ಕೊಡು, ಸಹಿ ಹಾಕಿ."

ಬರೆದುಕೊಡಲಿಲ್ಲ. ಗಡಿಯಾರ ತೋರಿಸಿದೆ, ನಡಿಗೆಯ ಹೊತ್ತಾಗಿತ್ತು. ಗೊಣಗುತ್ತಲೇ ಚಪ್ಪಲಿ ಬಿಟ್ಟು ಬೂಟು ಹಾಕಿಕೊಂಡವರು, ಬಾಗಿಲಲ್ಲಿ ನಿಂತು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಕೂತು ಕೂತು ನೀನೂ ದುಂಡಗಾಗಿದ್ದೀಯ, ಬಾ ಎಂದರು. ನಾನೂ ಎದ್ದೆ.