ಶರೀಫನ ಬೆರಳು

ಜೋಯ್ಲಿನ್, ನಿನ್ನ ಮೆಸೇಜ್ ಕೇಳಿದೆ. ಓಡ್ತಾ ಇರುವ ಸಿ ಪ್ರೋಗ್ರಾಮನ್ನು ಸರಿಯಾಗಿ ಮುಗಿಸಿಯೇ ಕಂಪ್ಯೂಟರ್ ಬಂದ್ ಮಾಡ್ಬೇಕು ಅಂತ ಲೆಕ್ಚರರ್ ಯಾಕೆ ಅಷ್ಟು ಕೊರೀತಾರೆ, ಮುಗಿಸದಿದ್ರೆ ಎಂತ ಆಗ್ತದೆ ಅಂತ ಕೇಳಿದ್ದಿ. ಒಬ್ಬನ ಹೊಟ್ಟೆಪಾಡು ಹೋಗ್ತದೆ. ನಿನ್ನ ಈ ರೊನಾಲ್ಡಂಕಲ್ ಕಣ್ಣಾರೆ ನೋಡಿದ್ದು.

ಎರಡು ಸಾವಿರದ ಎಂಟು. ಬಹ್ರೈನಿನ ಹಿದ್ದ್ ಅಂತ ಊರಲ್ಲಿ ಒಂದು ರಿಪೇರಿ ಯಾರ್ಡು, ನಾನಲ್ಲಿ ಸ್ಟೋರ್‌ಕೀಪರ್. ದಾವಣಗೆರೆಯ ಜಯದೇವ ಅಂತ ಇಂಜಿನಿಯರ್, ಹಾಜರಿಗೆ ಪ್ರೋಗ್ರಾಮ್ ಬರ್ದವ. ಬೆಳಿಗ್ಗೆ ಬಂದವ್ರು ಒಂದ್ಸಲ ಮಿಷನಿಗೆ ಬೆರಳು ಒತ್ಬೇಕು. ಪ್ರೋಗ್ರಾಮ್ ಅದನ್ನು ಒಬ್ಬೊಬ್ಬರದ್ದೇ ಡಿಸ್ಕಿಗೆ ಬರೆಯುದಿಲ್ಲ ಮಾರಾಯ್ತಿ, ಒಂದು ಗುಂಪು ತುಂಬುವವರೆಗೆ ಮೆಮೊರಿಯಲ್ಲೇ ಇಟ್ಕೊಳ್ತದೆ. ಮಿಕ್ಕಿದ್ದನ್ನು ಸಂಜೆ ಕೀಬೋರ್ಡಲ್ಲಿ ಕ್ಯೂ ಒತ್ತಿ ಮುಗಿಸುವಾಗ ಬರೀತದೆ. ಅದಕ್ಕಿಂತ ಮೊದಲು ಕರೆಂಟ್ ಹೋದ್ರೆ ಮೆಮೊರಿಯಲ್ಲಿದ್ದದ್ದು ಅಳಿಸಿ ಹೋಯ್ತು.

ರಂಜಾನ್ ಬಂತು. ಸೂಪರ್‌ವೈಸರ್ ಶಾಹುಲ್ ಹಮೀದನಿಗೆ ಇಫ್ತಾರಿಗೆ ಕ್ಯಾಂಪ್ ಮುಟ್ಟುವ ಅವಸರ, ಹೊರಗೆ ಬಸ್ಸಿನವನ ಹಾರ್ನು. ಕ್ಯೂ ಒತ್ತುವವ ಯಾರು? ದಿನಾ ಶೆಡ್ಡಿನ ಮೇನ್ ಸ್ವಿಚ್ಚನ್ನೇ ಕೆಳಗೆ ಎಳೆದು ಓಡುದು. ಲೈಟು, ಫ್ಯಾನು, ಕಂಪ್ಯೂಟರು ಎಲ್ಲ ಒಟ್ಟಿಗೆ ಆಫ್.

ಮೆಕ್ಯಾನಿಕ್ ಶರೀಫ್, ಉಪ್ಪಿನಂಗಡಿಯವ, ದಿನಾ ಟುಬ್ಲಿಯ ಗ್ಯಾರೇಜಿಂದ ಸಾಮಾನು ತಗೊಂಡೇ ಬರ್ಬೇಕು. ಹಾಗಾಗಿ ಎಲ್ಲರಿಗಿಂತ ಕೊನೆಗೆ ಬೆರಳು ಒತ್ತುವವ ಅವನೇ. ಮೊದಲು ಬಂದವರದ್ದು ಗುಂಪು ತುಂಬಿ ಡಿಸ್ಕಿಗೆ ಹೋಗಿರ್ತಿತ್ತು, ಅವನ ಬೆರಳು ದಿನಾ ಮೆಮೊರಿಯಲ್ಲೇ ಸಾಯ್ತಿತ್ತು.

ಈದ್ ಕಳೆದದ್ದೇ ಮನಾಮದ ಹೆಡ್ಡಾಫೀಸಿಂದ ಆರ್ಡರ್. ಶರೀಫ್ ತಿಂಗಳಿಡೀ ಗೈರು, ಇನ್ನು ಕೆಲಸ ಇಲ್ಲ, ವೀಸಾ ಕ್ಯಾನ್ಸಲ್.

ಶಾಹುಲ್ ಹಮೀದ್ ಮ್ಯಾನೇಜರ್ ಹತ್ರ ಹೋಗಿ, "ಸಾರ್, ಇವ ದಿನಾ ನನ್ನ ಪಕ್ಕ ಕೂತೇ ಉಪವಾಸ ಬಿಟ್ಟವ" ಅಂದ. ದಿನಾ ಕೆಲಸಕ್ಕೆ ಬಂದದ್ದು ನಾನೂ ನೋಡಿದ್ದೇನೆ ಅಂದೆ.

"ನಿಮ್ಮ ಕಣ್ಣಿಂದ ಪ್ರಿಂಟ್ ಬರ್ತದಾ ರೊನಾಲ್ಡ್?" ಅಂತ ಮ್ಯಾನೇಜರ್ ನಕ್ಕ. ಜಯದೇವನನ್ನು ಕರೆಸಿ ಕೇಳಿದ, "ನಿನ್ನ ಪ್ರೋಗ್ರಾಮಲ್ಲಿ ತಪ್ಪುಂಟಾ?"

ಜಯದೇವನ ಹೆಂಡ್ತಿ ಅಪೇಕ್ಷಾಳ ವೀಸಾ ಪೇಪರ್ ಅದೇ ಮೇಜಲ್ಲಿ ಸೈಗೆ ಕಾಯ್ತಾ ಇತ್ತು.

"ಪ್ರೋಗ್ರಾಮ್ ಸರಿ ಇದೆ ಸಾರ್," ಅಂದ.

ಸುಳ್ಳಲ್ಲ ನೋಡು. ಸರಿಯಾಗಿ ಮುಗಿಸಿದ್ರೆ ಸರಿಯೇ. ಹೊರಗೆ ಬಂದು ನನ್ನ ಹತ್ರ ಎಲ್ಲ ಬಿಡಿಸಿ ಹೇಳಿದ. "ಇದನ್ನೇ ಒಳಗೆ ಹೇಳೋ" ಅಂದೆ. "ಅವಳು ಬರೋದಿದೆ ರೊನಾಲ್ಡ್ ಸಾರ್" ಅಂದ. ನಾನೇ ವಾಪಸ್ ಹೋಗಿ ಹೇಳಿದೆ. "ಸ್ಟೋರ್‌ಕೀಪರ್ ಇಂಜಿನಿಯರಿಗೆ ಪಾಠ ಮಾಡ್ತಾನೆ" ಅಂತ ಮ್ಯಾನೇಜರ್ ಬಾಗಿಲು ತೋರಿಸಿದ.

ಶರೀಫ್ ಹೋಗುವ ದಿನ ನಮ್ಮನ್ನೆಲ್ಲ ಮಾತಾಡಿಸ್ಲಿಕ್ಕೆ ಬಂದ. ಅಭ್ಯಾಸ, ಬರುವಾಗ ಮಿಷನಿಗೆ ಬೆರಳು ಒತ್ತಿಯೇ ಒಳಗೆ ಬಂದದ್ದು.

ಆಮೇಲಿನ ವಾರ ಜಯದೇವ ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿದ, ಪ್ರತಿ ಬೆರಳೂ ಒತ್ತಿದ ಕೂಡ್ಲೇ ಡಿಸ್ಕಿಗೆ ಹೋಗುವ ಹಾಗೆ. ನನ್ನ ಎದುರಿಗೇ ಮಾಡಿದ್ದು. ಚಾಯ ಆರುವ ಮೊದಲು ಮುಗೀತು.