ಬುಧವಾರ ಮಧ್ಯಾಹ್ನದ ಸಾಕ್ಷಿ

ಡೋರೀನಳಿಗೆ ಇವತ್ತಲ್ಲ ನಾಳೆ ಶಿಕ್ಷೆಯಾಗಿಯೇ ಆಗುತ್ತದೆಂದು ಹಿಲ್ಡಾ ಗ್ರಿಮ್‌ಶಾ ಇಪ್ಪತ್ತು ವರ್ಷ ಕಾದಳು. ಆಗಲಿಲ್ಲ.

ಇಬ್ಬರೂ ಉತ್ತರ ಇಂಗ್ಲೆಂಡಿನ ಹಾರ್ಕ್ಲಿ ಎಂಬ ಊರಿನ ಒಂದೇ ಬೀದಿಯವರು. ಒಂದೇ ಹತ್ತಿಗಿರಣಿಯಲ್ಲಿ ಪಕ್ಕಪಕ್ಕದ ಮಗ್ಗ ನಡೆಸಿದವರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೋಲೆಂಡಿನ ವಿಮಾನದಳದ ಹುಡುಗರು ಶನಿವಾರದ ಕುಣಿತಕ್ಕೆ ಊರಿಗೆ ಬರತೊಡಗಿದಾಗ, ಅವರಲ್ಲಿ ಕಾಜಿಕ್ ಎಂಬ ತೆಳ್ಳನೆಯ ಹುಡುಗ ಮೊದಲು ಕೈ ಚಾಚಿದ್ದು ಹಿಲ್ಡಾಳ ಕಡೆಗೆ. ಕೆಲವು ವಾರ ಅವನ ಜೊತೆಯಲ್ಲೇ ಕುಣಿದಳು. ಒಂದು ಸಂಜೆ ಅವನು ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ, ಎರಡು ದಿನ ರಜೆ ಇದೆ, ಬ್ಲ್ಯಾಕ್‌ಪೂಲಿಗೆ ಹೋಗಿ ಸಮುದ್ರ ನೋಡಿ ಬರೋಣವೇ ಎಂದು ಕೇಳಿದ. ಎರಡು ದಿನ ಎಂದರೆ ನಡುವೆ ಒಂದು ರಾತ್ರಿ. ಹಿಲ್ಡಾ ಕೋಟು ತೊಟ್ಟು ಮನೆಗೆ ನಡೆದಳು. ಅಮ್ಮ ಏನೆಂದಾಳು, ಚರ್ಚಿನವರು ಏನೆಂದಾರು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು. ಮುಂದಿನ ತಿಂಗಳು ಅವನ ಜೊತೆ ಬ್ಲ್ಯಾಕ್‌ಪೂಲಿಗೆ ಹೋದವಳು ಡೋರೀನ್.

ಬೀದಿಯೆಲ್ಲ ಗುಸುಗುಸು. ಹಿಲ್ಡಾ ಮಗ್ಗದ ಮೇಲಿನಿಂದ ಡೋರೀನಳ ಹೊಟ್ಟೆಯನ್ನೇ ನೋಡುತ್ತಿದ್ದಳು. ಹೊಟ್ಟೆ ಬೆಳೆಯಲಿಲ್ಲ. ಯುದ್ಧ ಮುಗಿದ ಮೇಲೆ ಅವನು ಕೈಕೊಟ್ಟು ಹೋಗುತ್ತಾನೆ ಎಂದುಕೊಂಡಳು. ಅವನು ಹೋಗಲಿಲ್ಲ, ಡೋರೀನಳನ್ನೇ ಮದುವೆಯಾದ. ಪರದೇಶದವನು, ಕುಡಿದು ಹೊಡೆಯುತ್ತಾನೆ ಎಂದುಕೊಂಡಳು. ಅವನು ಹೊಡೆಯುವುದಿರಲಿ, ಹೆಂಡತಿಯ ಕೈಚೀಲವನ್ನೂ ತಾನೇ ಹಿಡಿದು ನಡೆಯುತ್ತಿದ್ದ. ಮಾರುಕಟ್ಟೆಯ ಮೂಲೆಯಲ್ಲಿ ಒಂದು ಕಾಫಿ ಅಂಗಡಿ ಇಟ್ಟರು. ಅಂಗಡಿಯ ಮಾಳಿಗೆಯಲ್ಲಿ ಹಾಡುಪೆಟ್ಟಿಗೆ ಇಟ್ಟು, ಹರೆಯದ ಹುಡುಗ ಹುಡುಗಿಯರನ್ನು ಕುಣಿಯಲು ಬಿಟ್ಟರು. ಪಾಪ ಮಾಡಿದವಳು ದಪ್ಪಗಾದಳು, ಕೆಂಪಗಾದಳು, ನಗುನಗುತ್ತ ಬಾಳಿದಳು. ತಪ್ಪದೆ ಚರ್ಚಿಗೆ ಹೋದ ಹಿಲ್ಡಾ ಮಾತ್ರ ನಲವತ್ತು ದಾಟಿದರೂ ಅಮ್ಮನ ಹಾಸಿಗೆಯ ಪಕ್ಕ ಬಿಸಿನೀರಿನ ಚೀಲ ತುಂಬಿಸುತ್ತ ಉಳಿದಳು.

ಅರವತ್ತರ ದಶಕದ ಆ ವರ್ಷ ಊರಿನ ಹಿರಿಯ ಹೆಂಗಸರಿಗೆಲ್ಲ ಒಮ್ಮೆಲೇ ರೇಗಿತ್ತು. ಟೆಲಿವಿಷನ್ನಿನಲ್ಲಿ ಹೊಲಸು ಮಾತು, ಹುಡುಗಿಯರ ಲಂಗ ಮೊಣಕಾಲು ಬಿಟ್ಟು ಮೇಲಕ್ಕೆ, ಹುಡುಗರ ಕೂದಲು ಕಿವಿ ಬಿಟ್ಟು ಕೆಳಕ್ಕೆ. ಡಾಕ್ಟರರ ಹೆಂಡತಿ ಮಿಸೆಸ್ ಫಾಲೋಸ್ ಚರ್ಚಿನ ಹಿಂದಿನ ಕೋಣೆಯಲ್ಲಿ ಸಭೆ ಕರೆದಳು. ಚಹಾ, ಶುಂಠಿ ಕೇಕು, ನಡುನಡುವೆ ನಿಟ್ಟುಸಿರು.

"ದೇಶ ಕೊಳೀತಾ ಇದೆ, ಸರಿ. ಆದರೆ ನಾವು ಶುರು ಮಾಡೋದು ಎಲ್ಲಿಂದ?" ಎಂದು ಮಿಸೆಸ್ ಫಾಲೋಸ್ ಕೇಳಿದಳು. "ಲಂಡನ್ನಿಗೆ ಹೋಗಿ ಟೆಲಿವಿಷನ್ ಆರಿಸೋಕಾಗುತ್ತಾ?"

"ಲಂಡನ್ ಯಾಕೆ? ಮಾರ್ಕೆಟ್ ಮೂಲೆ ಸಾಕು," ಎಂದಳು ಹಿಲ್ಡಾ.

ಎಲ್ಲರೂ ತಿರುಗಿ ನೋಡಿದರು. ಇಷ್ಟು ವರ್ಷದಲ್ಲಿ ಆ ಕೋಣೆಯಲ್ಲಿ ಹಿಲ್ಡಾ ಎತ್ತಿದ್ದು ಕೆಟಲ್ ಮಾತ್ರ, ದನಿಯನ್ನಲ್ಲ. ಈಗ ಮಾತು ತಾನಾಗಿ ಹರಿಯಿತು. ಮಾಳಿಗೆಯ ಮಬ್ಬು ದೀಪ, ಮೆಟ್ಟಿಲ ಮೇಲೆ ಅಂಟಿಕೊಂಡು ಕೂತ ಜೋಡಿಗಳು, ಎಲ್ಲವನ್ನೂ ಬಣ್ಣಿಸಿದಳು. "ಆ ಮಾಳಿಗೆ ನಡೆಸೋರು ಎಂಥವರು ಅಂತ ಹಳಬರಿಗೆ ಗೊತ್ತು. ಹೆಚ್ಚು ಹೇಳಲ್ಲ," ಎಂದು ಮುಗಿಸಿದಾಗ ಹೆಂಗಸರು ಚಪ್ಪಾಳೆ ತಟ್ಟಿದರು. ಹಿಲ್ಡಾಳ ಎದೆಯೊಳಗೆ ಏನೋ ಬಿಸಿಯಾಗಿ ಏರಿತು. ಇದು ಧರ್ಮದ ಕೋಪ ಎಂದುಕೊಂಡಳು.

ಮಾಳಿಗೆಯ ಕುಣಿತಕ್ಕೆ ಕೋರ್ಟು ವರ್ಷವರ್ಷ ಕೊಡುವ ಪರವಾನಗಿಯನ್ನು ಮುಂದುವರಿಸುವ ವಿಚಾರಣೆ ಆ ತಿಂಗಳ ಕೊನೆಗಿತ್ತು. "ಕಣ್ಣಾರೆ ಕಂಡ ಸಾಕ್ಷಿ ಬೇಕು," ಎಂದಳು ಮಿಸೆಸ್ ಫಾಲೋಸ್. ಹಿಲ್ಡಾ ತಾನೇ ಒಪ್ಪಿಕೊಂಡಳು.

ಮನೆಯಲ್ಲಿ ಅಮ್ಮ ದಿಂಬಿಗೆ ಒರಗಿ ಕೇಳಿದಳು: "ಡೋರೀನ್ ಮೇಲೆ ಹೋಗ್ತಿದೀಯಂತೆ?"

"ಡೋರೀನ್ ಮೇಲಲ್ಲ ಅಮ್ಮ. ಅನಾಚಾರದ ಮೇಲೆ."

"ಹೂಂ. ಅನಾಚಾರ ಊರ ತುಂಬಾ ಇದೆ. ನೀನು ಹುಡುಕ್ಕೊಂಡು ಹೋಗಿದ್ದು ಡೋರೀನ್ ಮನೇದನ್ನೇ," ಎಂದು ಮುದುಕಿ ಗೋಡೆಯ ಕಡೆ ಹೊರಳಿದಳು.

ಬುಧವಾರ ಮಧ್ಯಾಹ್ನ ಹಾರ್ಕ್ಲಿಯ ಅಂಗಡಿಗಳಿಗೆಲ್ಲ ಅರ್ಧ ದಿನದ ರಜೆ. ಕಾಫಿ ಅಂಗಡಿಯ ಬಾಗಿಲೂ ಹಾಕಿತ್ತು. ಆದರೆ ಮಾಳಿಗೆಯಿಂದ ಹಾಡು ಕೇಳುತ್ತಿತ್ತು. ರಜೆಯಲ್ಲಿರುವ ಅಂಗಡಿ ಹುಡುಗಿಯರನ್ನು ಗುಟ್ಟಾಗಿ ಒಳಗೆ ಬಿಟ್ಟಿದ್ದಾರೆ, ಸಿಕ್ಕಿಬಿದ್ದರು ಎಂದುಕೊಂಡು ಹಿಲ್ಡಾ ಹಿಂದಿನ ಓಣಿಗೆ ಹೋಗಿ ಕಬ್ಬಿಣದ ಮೆಟ್ಟಿಲು ಹತ್ತಿದಳು. ಮೇಲಿನ ಬಾಗಿಲಿಗೆ ಗಾಜು. ಬಗ್ಗಿ ನೋಡಿದಳು.

ಹುಡುಗಿಯರು ಯಾರೂ ಇರಲಿಲ್ಲ. ಕುರ್ಚಿಗಳನ್ನು ಮೇಜಿನ ಮೇಲೆ ಬೋರಲು ಹಾಕಿತ್ತು. ನಡುವೆ ಡೋರೀನ್ ಮತ್ತು ಕಾಜಿಕ್ ಕುಣಿಯುತ್ತಿದ್ದರು. ಕುಣಿತ ಎನ್ನುವಂತೆಯೂ ಇರಲಿಲ್ಲ, ನಿಂತಲ್ಲೇ ಮೆಲ್ಲಗೆ ತೂಗುತ್ತಿದ್ದರು. ಡೋರೀನ್ ಚಪ್ಪಲಿ ಬಿಟ್ಟಿದ್ದಳು. ನೆಲ ಒರೆಸುವ ಏಪ್ರನ್ ಇನ್ನೂ ಸೊಂಟದಲ್ಲಿತ್ತು. ಕಾಜಿಕ್‌ನ ತಲೆಗೂದಲು ಉದುರಿತ್ತು, ಅವನ ಕೈ ಹೆಂಡತಿಯ ಸೊಂಟದಿಂದ ಕೆಳಗೆ, ಅಲ್ಲೇ ತನ್ನ ಮನೆ ಎನ್ನುವಂತೆ ನೆಮ್ಮದಿಯಾಗಿತ್ತು. ಡೋರೀನ್ ಕಣ್ಣು ಮುಚ್ಚಿದ್ದಳು.

ಹರೆಯದವರ ತುಂಟಾಟ ಕಂಡಿದ್ದರೆ ಹಿಲ್ಡಾಳಿಗೆ ಇಷ್ಟು ಉರಿಯುತ್ತಿರಲಿಲ್ಲ. ಆ ಬೆಂಕಿ ತಾನಾಗಿ ಆರುತ್ತದೆ, ಆಮೇಲೆ ಉಳಿಯುವುದು ಬೂದಿ ಎಂದೇ ಅವಳು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದಳು. ಆ ಇಬ್ಬರು ಮಧ್ಯವಯಸ್ಸಿನವರ ನಡುವೆ ಅದು ಆರಿಯೇ ಇರಲಿಲ್ಲ. ಆ ಬೋಳುತಲೆ, ಆ ಕೈ, ಆ ಬುಧವಾರ, ಎಲ್ಲ ತನ್ನದಾಗಬೇಕಿತ್ತು ಎನಿಸಿತು. ಹಾಡು ನಿಂತಿತು. ಅವಳು ಸದ್ದಾಗದಂತೆ ಇಳಿದು ಬಂದಳು.

ವಿಚಾರಣೆಯ ದಿನ ಕೋಣೆ ತುಂಬಿತ್ತು. ಊರಿನ ಗಣ್ಯರಿಂದಲೇ ಆರಿಸಿದ ಮೂವರು ನ್ಯಾಯಾಧೀಶರ ನಡುವೆ ಗಿರಣಿಯ ಹಳೆಯ ಮ್ಯಾನೇಜರ್ ಆಸ್ಪಿನಾಲ್ ಕೂತಿದ್ದ. ಹಿಲ್ಡಾ ಬೈಬಲ್ ಮುಟ್ಟಿ ಪ್ರಮಾಣ ಮಾಡಿದಳು. ಸುಳ್ಳು ಹೇಳಬಾರದೆಂದು ನಿಶ್ಚಯಿಸಿದ್ದಳು, ಹೇಳಲೂ ಇಲ್ಲ.

"ಬಾಗಿಲು ಹಾಕಿದ ಅಂಗಡಿಯ ಮಾಳಿಗೆಯಲ್ಲಿ ಒಂದು ಗಂಡು, ಒಂದು ಹೆಣ್ಣು. ಇಬ್ಬರೇ. ಹೆಣ್ಣಿನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಗಂಡಸಿನ ಕೈ, ಮರ್ಯಾದಸ್ಥರು ಹೆಸರು ಹೇಳದ ಜಾಗದಲ್ಲಿತ್ತು."

ಹಿಂದಿನ ಸಾಲಿನಲ್ಲಿ ಮಿಸೆಸ್ ಫಾಲೋಸ್ ನೋವಿನಿಂದ ಕಣ್ಣು ಮುಚ್ಚಿದಳು.

"ಅವರು ಯಾರು ಅಂತ ಗುರುತು ಸಿಕ್ಕಿತೇ?" ಆಸ್ಪಿನಾಲ್ ಕೇಳಿದ.

ಹಿಲ್ಡಾ ತುಟಿ ಒದ್ದೆ ಮಾಡಿಕೊಂಡಳು. "ದೀಪ ಇರಲಿಲ್ಲ, ಸ್ವಾಮಿ." ಅದೂ ನಿಜವೇ. ದೀಪ ಹಚ್ಚಿರಲಿಲ್ಲ, ಕಿಟಕಿ ತುಂಬ ಬಿಸಿಲಿತ್ತು.

"ಯಾವ ದಿನ?"

"ಹೋದ ಬುಧವಾರ ಮಧ್ಯಾಹ್ನ."

ಆಗ ಡೋರೀನ್ ಎದ್ದು ನಿಂತಳು. ಅವಳ ಕೆನ್ನೆ ಮೊದಲೇ ಕೆಂಪು, ಈಗ ಇನ್ನಷ್ಟು. "ಸ್ವಾಮಿ, ಅದು ನಾನು. ಆ ಕೈ ನನ್ನ ಗಂಡಂದು. ಮದುವೆಯಾಗಿ ಹದಿನೆಂಟು ವರ್ಷ ಆಯ್ತು. ಆ ಕೈ ಅಲ್ಲಿಗೆ ಬರೋಕೂ ನಿಮ್ಮ ಪರವಾನಗಿ ಬೇಕಾ?"

ಕೋಣೆಯೆಲ್ಲ ಗೊಳ್ಳೆಂದು ನಕ್ಕಿತು. ಯಾರೋ ಹಿಂದಿನಿಂದ, "ಹದಿನೆಂಟು ವರ್ಷ ಆದ್ಮೇಲೂನಾ? ಗುಟ್ಟೇನು ಹೇಳೇ ಮಾರಾಯ್ತಿ!" ಎಂದು ಕೂಗಿದರು. ಆಸ್ಪಿನಾಲ್ ಕರವಸ್ತ್ರದಲ್ಲಿ ಮೂಗು ಒರೆಸುವ ನೆಪದಲ್ಲಿ ನಗು ನುಂಗಿದ. ಹಿಲ್ಡಾ ಕಟಕಟೆಯ ಮರವನ್ನು ಬಿಗಿಹಿಡಿದು ನಿಂತೇ ಇದ್ದಳು. ಅಲ್ಲಿಂದ ಇಳಿಯಲು ಯಾರೂ ಅವಳಿಗೆ ಹೇಳಿರಲಿಲ್ಲ.

ನಗು ನಿಂತ ಮೇಲೆ ನ್ಯಾಯಾಧೀಶರು ಒಳಗೆ ಹೋಗಿ ಬಂದರು. ಸಾಕ್ಷಿಗೆ ತೂಕವಿಲ್ಲ ಎಂದರು. ಆದರೂ ಊರಿನ ದೊಡ್ಡವರ ಮನಸ್ಸು ನೊಂದಿದೆ, ಕಾಲ ಕೆಟ್ಟಿದೆ, ಆದ್ದರಿಂದ ಈ ವರ್ಷ ಕುಣಿತಕ್ಕೆ ಪರವಾನಗಿ ಇಲ್ಲ ಎಂದರು. ಮಿಸೆಸ್ ಫಾಲೋಸ್ ಕಡೆಯವರು ಗೆದ್ದರು. ಆದರೆ ಗೆದ್ದವರು ಯಾರೂ ಹಿಲ್ಡಾಳ ಪಕ್ಕದಲ್ಲಿ ನಡೆಯಲಿಲ್ಲ.

ಹೊರಗಿನ ಮೆಟ್ಟಿಲ ಬಳಿ ಡೋರೀನ್ ಕಾದಿದ್ದಳು, ಒಂದು ಹೆಜ್ಜೆ ಹಿಂದೆ ಕಾಜಿಕ್. ಬೈಗುಳಕ್ಕೆ ಹಿಲ್ಡಾ ಸಿದ್ಧಳಾದಳು. ಬೈಗುಳ ಬಂದರೆ ಒಳ್ಳೆಯದೇ ಎನಿಸಿತ್ತು.

"ಹಾಡು ಮುಗಿಯೋ ತನಕ ನಿಂತಿದ್ಯೇನೇ?" ಡೋರೀನ್ ಕೇಳಿದಳು.

ಹಿಲ್ಡಾ ಕೋಟಿನ ಗುಂಡಿ ಹಾಕತೊಡಗಿದಳು.

"ಬಾಗಿಲು ತಟ್ಟಬಾರದಿತ್ತಾ? ಒಂದು ಕಪ್ ಚಹಾ ಕೊಡ್ತಿದ್ದೆ. ಅಲ್ಲ ಹಿಲ್ಡಾ, ನಾನು ನಿನಗೇನು ಮಾಡಿದೀನಿ? ಅದನ್ನಾದ್ರೂ ಹೇಳು."

ಇಪ್ಪತ್ತು ವರ್ಷ ಬಾಯಿಂದಾಚೆ ಬಾರದ ಮಾತು ಈಗ ಬಂತು. ಅವಳು ಡೋರೀನಳ ಕಡೆ ನೋಡದೆ ಕಾಜಿಕ್‌ಗೆ ಹೇಳಿದಳು: "ಬ್ಲ್ಯಾಕ್‌ಪೂಲಿಗೆ ಬಾ ಅಂತ ನೀವು ಮೊದಲು ಕರೆದಿದ್ದು ನನ್ನನ್ನ."

ಕಾಜಿಕ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಹುಬ್ಬು ಗಂಟಿಕ್ಕಿ, ಮನಸ್ಸಿಟ್ಟು ನೆನಪು ಮಾಡಿಕೊಳ್ಳಲು ನೋಡಿದ. "ನಾನಾ?" ಎಂದ. ಹೆಂಡತಿಯ ಮುಖ ನೋಡಿ, ಮತ್ತೆ ಹಿಲ್ಡಾಳ ಮುಖ ನೋಡಿ, ತುಂಬ ಮರ್ಯಾದೆಯಿಂದ ಹೇಳಿದ: "ಕ್ಷಮಿಸಿ ಮಿಸ್ ಗ್ರಿಮ್‌ಶಾ. ಆಗ ನಮಗೆಲ್ಲ ಚಿಕ್ಕ ವಯಸ್ಸು, ನಾಳೆ ಇರ್ತೀವೋ ಇಲ್ವೋ ಗೊತ್ತಿರಲಿಲ್ಲ. ಯಾರು ಯಾರನ್ನ ಕರೆದೆನೋ. ನನಗೆ ನೆನಪಿಲ್ಲ."

ಡೋರೀನ್ ಬಾಯಿಗೆ ಕೈ ಅಡ್ಡ ಇಟ್ಟಳು. ಅವಳ ಕಣ್ಣಲ್ಲಿ ಕರುಣೆ ಕಂಡಿತು. ಅದನ್ನು ತಾಳಲಾರದೆ ಹಿಲ್ಡಾ ತಿರುಗಿ ನಡೆದುಬಿಟ್ಟಳು.

ಅವಳು ಊರು ಸುತ್ತಿ ಮನೆ ಸೇರುವಷ್ಟರಲ್ಲಿ ಅಮ್ಮನಿಗೆ ಸುದ್ದಿ ಮುಟ್ಟಿತ್ತು. ಪಕ್ಕದ ಮನೆಯವಳು ಬಂದು ಕೋರ್ಟಿನ ಮಾತನ್ನೂ ಮೆಟ್ಟಿಲ ಬಳಿ ಕೇಳಿಸಿಕೊಂಡ ಮಾತನ್ನೂ ಹೇಳಿ, ನಕ್ಕು, ಹೋಗಿದ್ದಳು. ಹಿಲ್ಡಾ ಟೋಪಿಯ ಪಿನ್ನು ತೆಗೆಯುತ್ತಿದ್ದಾಗ ಅಮ್ಮ ಕೇಳಿದಳು: "ಆ ಹುಡುಗ ನಿನ್ನನ್ನ ಕರೆದಿದ್ನಾ?"

"ಕರೆದಿದ್ದ. ನೀನು ಬೇಡ ಅಂತೀಯ ಅಂತ ಹೋಗಲಿಲ್ಲ."

"ನಾನು ಬೇಡ ಅಂದೆನಾ?"

"ಅಂತಿದ್ದೆ."

"ಅಂತಿದ್ದೆನೋ ಏನೋ," ಮುದುಕಿ ಕಂಬಳಿಯ ಅಂಚು ನೀವಿದಳು. "ಡೋರೀನ್ ಅಮ್ಮನೂ ಬೇಡ ಅಂದಿದ್ಲು. ಬೀದೀಲಿ ನಿಂತ್ಕೊಂಡು ಕೂಗಿದ್ಲು, ನನಗೆ ಕೇಳಿಸ್ತು. ಅವಳು ಹೋದ್ಲು. ನೀನು ನನ್ನ ಹತ್ರ ಕೇಳಲೂ ಇಲ್ವಲ್ಲೇ ಮಗಳೇ. ನಿನಗೆ ಹೆದರಿಕೆ ಆಯ್ತು, ಅಷ್ಟೆ. ಹೆದರೋದು ತಪ್ಪಲ್ಲ. ಅದನ್ನ ನನ್ನ ತಲೆ ಮೇಲೂ ಹಾಕಬೇಡ, ದೇವರ ತಲೆ ಮೇಲೂ ಹಾಕಬೇಡ."

ಹಿಲ್ಡಾ ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಆಲೂಗಡ್ಡೆ ಸುಲಿಯುತ್ತ ಅತ್ತಳು. ಇಬ್ಬರಿಗೆ ಬೇಕಾದದ್ದಕ್ಕಿಂತ ಹೆಚ್ಚೇ ಸುಲಿದಳು.

ಮುಂದಿನ ವಾರ ಮಿಸೆಸ್ ಫಾಲೋಸ್ ಬಾಗಿಲಿಗೆ ಬಂದಳು. ಕೋರ್ಟಿನ ವಿಷಯ ಎತ್ತಲಿಲ್ಲ. ಹುಡುಗರೆಲ್ಲ ಈಗ ಶನಿವಾರ ಪಕ್ಕದೂರಿನಲ್ಲಿ ಈಜುಕೊಳಕ್ಕೆ ಹಲಗೆ ಮುಚ್ಚಿ ಮಾಡಿದ ಸಭಾಂಗಣಕ್ಕೆ ಹೋಗಿ ಕುಣಿಯುತ್ತಿದ್ದಾರಂತೆ, ಅಲ್ಲಿ ಕೇಳುವವರೇ ಇಲ್ಲವಂತೆ. "ಈ ಶನಿವಾರ ನಾವು ಕೆಲವರು ಅಲ್ಲಿಗೆ ಹೋಗಿ ಕಣ್ಣಾರೆ ನೋಡಿ ಬರ್ತೀವಿ. ನೀವು ಬರಲೇಬೇಕು ಅಂತೇನಿಲ್ಲ, ಮಿಸ್ ಗ್ರಿಮ್‌ಶಾ. ಆ ದಿನ ಹಾಗಾದ ಮೇಲೆ..." ಎಂದು ಅರ್ಧಕ್ಕೆ ನಿಲ್ಲಿಸಿದಳು.

ಹಿಲ್ಡಾ ಅವಳ ಭುಜದಾಚೆ ಬೀದಿಯನ್ನು ನೋಡಿದಳು. ಎದುರಿನ ಪಕ್ಕದಲ್ಲಿ ಒಬ್ಬ ಹುಡುಗಿ ಗಿಡ್ಡ ಲಂಗ ತೊಟ್ಟು, ಬೆಳ್ಳಗಿನ ಕಾಲು ಬಿಟ್ಟುಕೊಂಡು, ಚಳಿಗೆ ಹಲ್ಲು ಕಟಕಟಿಸುತ್ತ ಯಾರಿಗೋ ಕಾಯುತ್ತಿದ್ದಳು. ಯಾರ ಅಪ್ಪಣೆಯನ್ನೂ ಕೇಳಿ ಬಂದವಳಂತೆ ಕಾಣಲಿಲ್ಲ. ಮೋಟಾರ್ ಸೈಕಲ್ಲೊಂದು ಬಂದು ನಿಂತಿತು. ಹುಡುಗಿ ಹತ್ತಿ ಕೂತು ಸವಾರನ ಬೆನ್ನಿಗೆ ಮುಖ ಒತ್ತಿದಳು. ಹಿಲ್ಡಾಳ ಎದೆಯಲ್ಲಿ ಆ ಬಿಸಿ ಮತ್ತೆ ಏರಿತು. ಈ ಸಲ ಅದಕ್ಕೆ ಧರ್ಮದ ಹೆಸರು ಇಡಲು ಅವಳಿಂದಾಗಲಿಲ್ಲ.

"ಶನಿವಾರದ ಬಸ್ಸು ಎಷ್ಟು ಹೊತ್ತಿಗೆ?" ಎಂದು ಕೇಳಿದಳು.