ಮೇಲಿನ ಸಾಲು, ಕೆಳಗಿನ ಸಾಲು

ಒಲೆಯ ಮೇಲೆ ಮೊಟ್ಟೆ ಬೇಯಲು ಇಟ್ಟು, ಒಗೆದ ಬೆಡ್‌ಶೀಟ್ ಹಿಂಡುತ್ತಿದ್ದೆ. ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಮಗಳು ಗುಬ್ಬಿಯ ಕೈಯಲ್ಲಿ. ಅಷ್ಟರಲ್ಲಿ ಯಾರೋ ಬಾಗಿಲು ಮುರಿಯುವಂತೆ ಬಡಿದರು. ಗುಬ್ಬಿ ಕೈಬಿಟ್ಟು ಓಡಿದಳು. ಶೀಟು ನೆಲ ಸೇರಿತು. ಮತ್ತೆ ಒಗೆಯುವುದು ಯಾರು? ನಾನೇ.

ಬಂದವರು ನಿವೃತ್ತ ಲೈಬ್ರರಿಯನ್ ಅಜ್ಜಿ. ಡಾಕ್ಟರ ಬಳಿ ಹೋಗಬೇಕಾದವರು ಸಿಟ್ಟಿಗೆ ನೇರ ನಮ್ಮ ಮನೆಗೇ ಬಂದಿದ್ದರು, ಡಬ್ಬಿಯಲ್ಲಿ ಹಲ್ಲಿನ ಸೆಟ್ಟು ಹಿಡಿದುಕೊಂಡು.

ನಮ್ಮ ಮುಂದಿನ ಕೋಣೆಯೇ ಹಲ್ಲಿನ ಕಾರ್ಖಾನೆ. ಡಾಕ್ಟರು ಕಳಿಸಿದ ಅಚ್ಚು ನೋಡಿ ನಮ್ಮ ಯಜಮಾನರು ಮೇಲಿನ ಸಾಲು ಮಾಡುತ್ತಾರೆ, ಮೈದುನ ಕೆಳಗಿನದು. ಎರಡನ್ನೂ ಜೋಡಿಸಿ, ಕಚ್ಚಿಸಿ ನೋಡಿ, ಇಷ್ಟು ಉಜ್ಜು, ಅಷ್ಟು ಉಜ್ಜು ಎಂದು ಹರಟೆ ಹೊಡೆಯುತ್ತ ಮುಗಿಸುತ್ತಿದ್ದರು. ಅದು ಮೈದುನ ಮಾಂಸ ಬಿಡುವ ಮೊದಲಿನ ಮಾತು.

ಬಿಟ್ಟದ್ದಕ್ಕೆ ನನ್ನದೇನೂ ತಕರಾರಿಲ್ಲ, ಕಾಳು ಬೇಯಿಸಿ ಹಾಕಿದೆ. ಆದರೆ ಅವನು ಬಿಟ್ಟದ್ದನ್ನು ಫೇಸ್‌ಬುಕ್ಕಿನಲ್ಲಿ ಹಾಕಿದ: "ಇನ್ನು ಮುಂದೆ ಪ್ರಾಣಿಗಳೇ ನನ್ನ ಬಂಧುಗಳು." ಇವರು ಸುಮ್ಮನಿರಬಾರದೇ? ಕೆಳಗೆ ಬರೆದರು: "ಹಾಗಾದರೆ ಹೋದ ಭಾನುವಾರ ನೀನು ತಿಂದದ್ದು ಯಾರನ್ನ, ಸೋದರಮಾವನನ್ನಾ?"

ಅಲ್ಲಿಗೆ ಮಾತು ನಿಂತಿತು. ಈಗ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತು ಫೋನಿನಲ್ಲೇ ಜಗಳ. ಬಾಯಿಗೆ ಬೀಗ, ಹೆಬ್ಬೆರಳಿಗೆ ಬಿಡುವಿಲ್ಲ. ಕೊಲೆಗಾರ, ಸೊಪ್ಪುಸದೆ, ಕೊಬ್ಬಿನ ಡಬ್ಬಿ. ಗುರುತಿಲ್ಲದ ಯಾರೋ ಬೆಕ್ಕಿನ ಫೋಟೊ ಹಾಕಿಕೊಂಡವನು ಬಂದು ಇಬ್ಬರಿಗೂ ಉಗಿದು ಹೋದ. ಊಟದ ಹೊತ್ತಿಗೆ ಮೈದುನ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂರುತ್ತಾನೆ. ಅವನ ಖಾಲಿ ಕುರ್ಚಿಯನ್ನು ನಾನು ದಿನಾ ಒರೆಸಿಡುತ್ತೇನೆ.

ಗುಬ್ಬಿಗೆ ಹೊಸದಾಗಿ ಓದಲು ಬಂದಿದೆ. ಅಪ್ಪನ ಹೆಗಲ ಮೇಲಿಂದ ಬಗ್ಗಿ, ಚಿಕ್ಕಪ್ಪನ ಕಂಕುಳಲ್ಲಿ ತೂರಿ, ಎಲ್ಲವನ್ನೂ ಅಕ್ಷರ ಕೂಡಿಸಿಕೊಂಡು ಓದುತ್ತಾಳೆ. ಈಚೆಗೆ ಒಂದು ವಿಚಿತ್ರ ಶುರುವಾಗಿದೆ. ಅಪ್ಪ ಮಲಗಿದರೆ ಎದೆಗೆ ಕಿವಿ ಇಡುವುದು, ಚಿಕ್ಕಪ್ಪನ ಮುಂಗೈಯನ್ನು ಬೆರಳಲ್ಲಿ ಸುತ್ತಿ ಅಳೆಯುವುದು. ತಟ್ಟೆಯಲ್ಲಿ ಅರ್ಧ ಊಟ ಹಾಗೇ ಉಳಿಯುತ್ತದೆ. "ಏನು ಕಂದಾ?" ಎಂದರೆ ಬಾಯಿ ತೆರೆದು, ಮುಚ್ಚಿ, "ಏನಿಲ್ಲಮ್ಮ." ಏನೋ ಇದೆ. ಮಗು ಬಾಯಿ ಬಿಡುತ್ತಿಲ್ಲ.

ಅಜ್ಜಿ ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿದರು. "ಇದು ಯಾರ ಹಲ್ಲು?"

"ನಿಮ್ಮದೇ ಅಮ್ಮಾ," ಎಂದರು ಇವರು.

"ನನ್ನದೇ. ನಡುವೆ ಸಂದು ಬೇಕು ಅಂತ ಹಠ ಹಿಡಿದು ಮಾಡಿಸಿದ್ದು. ಆ ಸಂದಿಂದಲೇ ನನ್ನ ಸೊಸೆ ಗುರುತು ಹಿಡಿದಳು, ಫೇಸ್‌ಬುಕ್ಕಲ್ಲಿ! 'ಈ ಕೋರೆಹಲ್ಲು ನೋಡಿ, ಮನುಷ್ಯ ಮಾಂಸ ತಿನ್ನೋಕೇ ಹುಟ್ಟಿರೋದು' ಅಂತ ಇದರ ಫೋಟೊ ಹಾಕಿ ಬರೆದಿದ್ದೀರಿ. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವಳಲ್ಲ ನಾನು. ನನ್ನನ್ನ ಹುಲಿ ಮಾಡಿಬಿಟ್ಟಿರಲ್ಲ ಸ್ವಾಮಿ!"

ಮೈದುನ ಗೋಡೆಗೆ ಮುಖ ಮಾಡಿ ಕಿಸಕ್ಕೆಂದ.

"ನೀನು ನಗಬೇಡ. ಹುಲಿಯಾಗಿದ್ದರೂ ಉಪವಾಸ ಸಾಯ್ತಿದ್ದೆ. ನೋಡು." ಅಜ್ಜಿ ಸೆಟ್ಟು ಹಾಕಿಕೊಂಡು ಕಚ್ಚಿದರು. ಟಕ್. ಮೇಲಿನ ಸಾಲು ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ. "ಬಾಳೆಹಣ್ಣೂ ತುಂಡಾಗಲ್ಲ."

"ಕೆಳಗಿಂದು ಸೊಟ್ಟ ಅಂತ ಅವನಿಗೆ ಹೇಳೇ," ಎಂದರು ಇವರು, ನನಗೆ.

"ಮೇಲಿಂದು ಮೊದಲು ನೋಡ್ಕೊಳ್ಳೋಕೆ ಹೇಳಿ ಅತ್ತಿಗೆ."

"ಕಚ್ಚಿಸಿ ನೋಡದೇ ಕಳಿಸಿದಿರಾ?" ನಾನು ಕೇಳಿದೆ.

ಜೋಡಿಸಿ ನೋಡಬೇಕಾದರೆ ಒಬ್ಬರ ಮುಖ ಒಬ್ಬರು ನೋಡಬೇಕಿತ್ತಲ್ಲ.

ಅಲ್ಲಿಗೆ ಕಟ್ಟೆ ಒಡೆಯಿತು. ಇಷ್ಟು ದಿನದ ಮೇಲೆ ಮೊದಲ ಸಲ ಬಾಯಲ್ಲೇ ಜಗಳ.

"ಕಾಳು ತಿಂದು ಕೈ ನಡುಗ್ತಿದೆ, ಅದಕ್ಕೇ ಸೊಟ್ಟ! ಬರೆದಿಟ್ಟುಕೋ, ವರ್ಷದೊಳಗೆ ಮೂಳೆ ಪುಡಿಯಾಗಿ ಹೋಗ್ತೀಯ!"

"ನೀನು ಅಷ್ಟು ದಿನ ಇದ್ದರೆ ತಾನೇ ನೋಡೋದು! ನಿನ್ನ ರಕ್ತನಾಳದಲ್ಲಿ ಕೊಬ್ಬು ಕಟ್ಟಿಕೊಂಡಿದೆ. ಇವತ್ತೋ ನಾಳೆಯೋ ಎದೆ ನಿಲ್ಲುತ್ತೆ!"

"ಶ್!" ಎಂದರು ಅಜ್ಜಿ, ಲೈಬ್ರರಿಯ ಅಭ್ಯಾಸ. ಹಲ್ಲು ಸರಿಯಿಲ್ಲದ್ದಕ್ಕೆ ಅದು ಸೀಟಿಯಂತೆ ಬಂತು. ಇಬ್ಬರೂ ಬಾಯಿ ಮುಚ್ಚಿದರು. ಒಳಗೆ ನೀರೆಲ್ಲ ಆರಿ ಮೊಟ್ಟೆಯೊಂದು ಪಟ್ಟೆಂದು ಸಿಡಿಯಿತು. ನಾನು ಒಲೆ ಆರಿಸಲು ಹೋಗಲಿಲ್ಲ. ಗುಬ್ಬಿ ಇಬ್ಬರ ನಡುವೆ ಬಂದು ನಿಂತಿದ್ದಳು.

ಒಂದು ಕೈ ಅಪ್ಪನ ಎದೆಗೆ ಒತ್ತಿದಳು, ಇನ್ನೊಂದರಲ್ಲಿ ಚಿಕ್ಕಪ್ಪನ ಮುಂಗೈ ಹಿಡಿದಳು.

"ಇಬ್ಬರೂ ಸತ್ತೋಗ್ತೀರಂತ ಫೋನಲ್ಲೂ ನೀವೇ ಬರೆದಿದ್ದೀರಲ್ಲ," ಎಂದಳು. "ಮೊದಲು ಯಾರು?"